ಅಪ್‌ಡೇಟ್: ಯಾರಿಗೂ ಗೊತ್ತಾಗದೆ ಕುಡಿತ ಬಿಡೋದು ಹೇಗೆ ಅಂತ ಕೇಳಿದ್ದೆ

ಸುರತ್ಕಲ್‌ನಲ್ಲಿ ಎಲ್ಲರೂ ಪರಿಚಯದವರು, ಗುಟ್ಟಾಗಿ ಸಹಾಯ ಸಿಗುತ್ತದಾ ಅಂತ ಕೇಳಿದ್ದೆ ಅಲ್ವಾ? ಸಿಗುತ್ತದೆ.

ಮೊದಲು 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಪಣಂಬೂರು ಬೀಚ್ ಹತ್ತಿರ ಬೈಕ್ ನಿಲ್ಲಿಸಿ ಎಲ್ಲ ಹೇಳಿಕೊಂಡೆ. ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು ಅಂದರು. ಇದನ್ನು ದಯವಿಟ್ಟು ಎಲ್ಲರೂ ನೆನಪಿಡಿ, ಕೈ ನಡುಕ, ಬೆವರು, ನಿದ್ದೆ ಇಲ್ಲದ್ದು ಮಾತ್ರ ಅಲ್ಲ, ಕೆಲವರಿಗೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗುತ್ತದೆ.

ಹಾಗಾಗಿ ಬಸ್ ಹತ್ತಿ ಉಡುಪಿಗೆ ಹೋಗಿ ಮನೋವೈದ್ಯರನ್ನು ನೋಡಿದೆ. ನಡುಕಕ್ಕೆ ಡೋಸ್ ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಹೋಗುವ ಮಾತ್ರೆ, ಜೊತೆಗೆ ಬಿ1 ವಿಟಮಿನ್ ಕೊಟ್ಟರು. ಮನೆಯವರಿಗೆ ಹೇಳ್ತೀರಾ ಅಂತ ಕೇಳಿದೆ. ನೀವು ಒಪ್ಪದೆ ಇಲ್ಲ ಅಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಆ ಹಕ್ಕು ಇದೆ, ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭ ಬಿಟ್ಟು.

ಅಕ್ಕನಿಗೆ ಮಾತ್ರ ಹೇಳಿದ್ದೇನೆ. ಒಬ್ಬರಾದರೂ ಬೇಕು.

ನನಗೆ ಜಾಸ್ತಿ ಹೆದರಿಕೆ ಇದ್ದದ್ದು ಚಿಕ್ಕಪ್ಪನ ಮಗನ ಮೆಹಂದಿ ರಾತ್ರಿಯದ್ದು. ನಮ್ಮ ಕಡೆ ಮದುವೆ ಮುಂಚಿನ ಮೆಹಂದಿ ಅಂದರೆ ಗೊತ್ತಲ್ಲ, ಕುಡಿತ ಇದ್ದೇ ಇರುತ್ತದೆ. ಬಂದ ಕೂಡಲೇ ಅಕ್ಕ ದೊಡ್ಡ ಗ್ಲಾಸಿನಲ್ಲಿ ಪುನರ್ಪುಳಿ ಶರಬತ್ತು ಕೈಗಿಟ್ಟಳು. ಕೈಯಲ್ಲಿ ಗ್ಲಾಸ್ ಇದ್ದರೆ ಯಾರೂ ಮತ್ತೆ ಸುರಿಯಲು ಬರುವುದಿಲ್ಲ. ಒಬ್ಬರು ಕೇಳಿದರು, ಮಾತ್ರೆ ತಗೊಳ್ತಿದ್ದೇನೆ ಅಂದೆ. ಅದು ನಿಜವೇ. ಊಟ ಮಾಡಿ ಬೇಗ ಹೊರಟೆವು.

ಅವತ್ತು ಉತ್ತರ ಕೊಟ್ಟ ಎಲ್ಲರಿಗೂ ತುಂಬ ಥ್ಯಾಂಕ್ಸ್. ಮುಂದಿನ ವಾರ ಮತ್ತೆ ಉಡುಪಿಗೆ ಹೋಗಲಿಕ್ಕಿದೆ.