'ಹೆಣ್ಣಾಗಿದ್ದರೆ', 'ಗಂಡಾಗಿದ್ದರೆ': ಇದಕ್ಕೊಂದು ಪದ ಇದೆಯಾ?

ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ಗಂಡಸೊಬ್ಬ ತಾನು ಹೆಣ್ಣಾಗಿದ್ದರೆ ಹೇಗಿರುತ್ತಿತ್ತು ಅಂತ, ಹೆಂಗಸೊಬ್ಬಳು ತಾನು ಗಂಡಾಗಿದ್ದರೆ ಅಂತ ಮನಸ್ಸಿನಲ್ಲೇ ಬದುಕಿ ನೋಡುವುದುಂಟಲ್ಲ, ಅದಕ್ಕೆ ಏನಂತೀವಿ? ಒಂದು ಲೇಖನ ಕನ್ನಡಕ್ಕೆ ತರುವಾಗ ಇಲ್ಲೇ ಸಿಕ್ಕಿಹಾಕಿಕೊಂಡೆ. ಮೊದಲು 'ಹೆಣ್ಣುಬಯಕೆ' ಅಂತ ಬರೆದೆ. ಮನೆಯವಳು ಓದಿ ಜೋರಾಗಿ ನಕ್ಕಳು. ಅದು ಹೆಣ್ಣಿನ ಮೇಲಿನ ಆಸೆ ಅಂತಲೇ ಆಗುತ್ತೆ, ಅಲ್ವಾ!

ನಿಘಂಟಿನಲ್ಲಿ 'ಹೆಣ್ಣಿಗ' ಇದೆ, 'ಗಂಡುಬೀರಿ' ಇದೆ. ಎರಡೂ ಬೇರೆಯವರು ಅಂಟಿಸುವ ಹೆಸರು, ಅರ್ಧ ಬೈಗುಳ. ಹೊಗಳುವಾಗ ಮಾತ್ರ ಗಂಡಸಿಗೆ 'ಹೆಂಗರುಳು', ಹೆಂಗಸಿಗೆ 'ಗಂಡೆದೆ'. ಪಕ್ಕದ ಚಿತ್ರದುರ್ಗವನ್ನು 'ಗಂಡುಮೆಟ್ಟಿದ ನಾಡು' ಅಂತೀವಿ, ಕೋಟೆಗೆ ಹೋದವರು ಮಾತ್ರ ಓಬವ್ವನ ಕಿಂಡಿಯನ್ನೇ ಹುಡುಕುತ್ತಾರೆ. ಇರಲಿ.

'ಶರಣ ಸತಿ, ಲಿಂಗ ಪತಿ' ನೆನಪಾಯಿತು. ಅಲ್ಲಿ ಗಂಡಸರೂ ತಮ್ಮನ್ನು ಸತಿ ಅಂದುಕೊಳ್ಳುತ್ತಾರೆ. ಆದರೆ ಅದು ಭಕ್ತಿಯ ಮಾತು, ಹೆಣ್ಣಿನ ದಿನನಿತ್ಯದ ಬದುಕಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಹರೆಯದಲ್ಲಿ ಬಯಲಾಟದಲ್ಲಿ ಹೆಣ್ಣು ಪಾರ್ಟು ಮಾಡಿದವರು. ಅವರನ್ನು ಕೇಳಿದೆ. "ಸೀರೆ ಉಟ್ಟ್ ಮೇಲೆ ಅಳೋಕೆ ನಾಚಿಕೆ ಆಗ್ತಿರ್ಲಿಲ್ಲಪ್ಪ" ಅಂದರು. ಅಷ್ಟೇ. ನಮ್ಮ ಅತ್ತೆಯದು ಇನ್ನೊಂದು ಥರ: "ಗಂಡಾಗಿ ಹುಟ್ಟಿದ್ರೆ ರಾತ್ರಿ ಹತ್ತಕ್ಕೆ ಒಬ್ಳೇ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದ್ ಬರ್ತಿದ್ದೆ." ಗಮನಿಸಿ, ಗಂಡಾದರೂ 'ಒಬ್ಳೇ'! ಇಬ್ಬರಿಗೂ ಬೇಕಿದ್ದದ್ದು ಇನ್ನೊಂದು ಮೈಗಿಂತ, ಆ ಮೈಗೆ ಸಿಗುವ ಸಲಿಗೆ ಅಂತ ನನಗೆ ಅನ್ನಿಸಿತು. ಎಲ್ಲರದೂ ಹೀಗೇ ಅನ್ನಲಾರೆ. ಕೆಲವರದು ಬರೀ ಕುತೂಹಲ.

ಇನ್ನು ಕೆಲವರಿಗೆ ಇದು ಕಲ್ಪನೆಯೇ ಅಲ್ಲ, ತಾನು ಇರುವುದೇ ಹಾಗೆ. ತಾನು ಗಂಡೋ ಹೆಣ್ಣೋ ಇನ್ನೊಂದೋ ಅಂತ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಒಪ್ಪಿದೆ. ಲಿಂಗತ್ವ ಅಲ್ಪಸಂಖ್ಯಾತರು, ಜೋಗತಿ, ಮಂಗಳಮುಖಿ ಇವೆಲ್ಲ ಆ ಕಡೆಯ ಪದಗಳು. ಸುಮ್ನೆ ಊಹಿಸಿಕೊಳ್ಳುವವರ ಮೇಲೆ ಅವನ್ನು ಹೊರಿಸಿದರೆ ಇಬ್ಬರಿಗೂ ಅನ್ಯಾಯ.

ವ್ಯಾಕರಣದ್ದೂ ಒಂದು ತಮಾಷೆ ಇದೆ. 'ಅವನು ಬಂದ', 'ಅವಳು ಬಂದಳು' ಅಂತ ಬೇರೆ ಬೇರೆ ಹೇಳಲೇಬೇಕು. 'ನಾನು ಬಂದೆ' ಅನ್ನೋಕೆ ಆ ಕಟ್ಟಿಲ್ಲ. ಹಿಂದಿಯಲ್ಲಿ 'ಆಯಾ', 'ಆಯೀ' ಅಂತ ಅಲ್ಲೂ ಗುಟ್ಟು ಬಿಡಬೇಕು.

ಸದ್ಯಕ್ಕೆ ನಾನು ಬರೆದುಕೊಂಡಿರುವುದು 'ಹೆಣ್ಣಾಗಿ ನೋಡುವುದು', 'ಗಂಡಾಗಿ ನೋಡುವುದು'. ತಿಂದು ನೋಡು, ಉಟ್ಟು ನೋಡು ಅಂತೀವಲ್ಲ, ಆ 'ನೋಡು'. 'ಪರಕಾಯ ಪ್ರವೇಶ' ಬೇಡ, ಮಾಟಮಂತ್ರದ ವಾಸನೆ ಜಾಸ್ತಿ. ಆದರೆ ತಲೆಬರಹಕ್ಕೆ ಒಂದೇ ಪದ ಬೇಕು. ಚಳ್ಳಕೆರೆ, ಹೊಸದುರ್ಗ ಕಡೆಯವರ ಮಾತಿನಲ್ಲಿ ಏನಾದರೂ ಇದೆಯಾ? ಬೈಗುಳ ಅಲ್ಲದ್ದು ಇದ್ದರೆ ತಿಳಿಸಿ.