ರಿಯಾಕ್ಟಿವ್ ಬ್ಲ್ಯಾಕ್ ಬಣ್ಣದ ನೀರು ಜಲಜೀವಿಗಳಿಗೆ ಎಷ್ಟು ವಿಷ? ಪರೀಕ್ಷೆ ಹೆಂಗ ಹೂಡಬೇಕು?

ಬೆಟಗೇರಿ_ನೂಲು:
ನಮಸ್ಕಾರ್ರಿ. ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕೋ ಘಟಕವೊಂದರ ಹೊರನೀರಿನ ಮೇಲೆ ಎಂ.ಎಸ್ಸಿ ಪ್ರಾಜೆಕ್ಟ್ ಇದು. ಬಣ್ಣ ರಿಯಾಕ್ಟಿವ್ ಬ್ಲ್ಯಾಕ್ 5. ಬಣ್ಣದ ತೊಟ್ಟಿಗೆ ಲೀಟರಿಗೆ 60 ಗ್ರಾಂ ಉಪ್ಪು, 20 ಗ್ರಾಂ ಸೋಡಾ ಆ್ಯಶ್ ಬೀಳ್ತದ. ಮೂರು ವಿಷಯ ಕೇಳಬೇಕಿತ್ತು.

ಬಣ್ಣದ ಪುಡಿಯನ್ನ ನೇರ ನೀರಿಗೆ ಕಲಸಿ ಪರೀಕ್ಷೆ ಮಾಡಬೇಕೋ, ತೊಟ್ಟಿಯಿಂದ ಬಿಟ್ಟ ನೀರು ತರಬೇಕೋ? ಮೀನು ಬಳಸೋದೋ, ನೀರುಚಿಗಟ (ಡಾಫ್ನಿಯಾದಂಥ ಪುಟ್ಟ ಜಲಜೀವಿ) ಸಾಕೋ? ಲ್ಯಾಬಿನಲ್ಲಿ ಎ.ಸಿ. ಇಲ್ಲ, ಬೇಸಿಗೆಯಲ್ಲಿ ಒಳಗೂ 30 ಡಿಗ್ರಿ ದಾಟ್ತದ. ಇನ್ನೊಂದು, ದ್ರಾವಣ ಇಷ್ಟು ಕಪ್ಪಿದ್ದಾಗ ಒಳಗಿನ ಜೀವಿ ಸತ್ತದೋ ಬದುಕೇದೋ ನೋಡೋದು ಹೆಂಗ?

ಕೆರೆ_ಕಾವಲು:
ಎರಡೂ ಬೇಕು, ಅದರ ಜೊತೆಗೆ ಇನ್ನೆರಡು ಸಾಲೂ ಬೇಕು. ಕಾರಣ ಲೆಕ್ಕದಲ್ಲೇ ಐತಿ ನೋಡ್ರಿ. ತೊಟ್ಟಿ ನೀರಿನ ಪಿಎಚ್ 11ರ ಹತ್ತಿರ ಇರ್ತದ, ಹಂಗೇ ಹಾಕಿದ್ರ ಜೀವಿ ಸಾಯೋದು ಕ್ಷಾರಕ್ಕ, ಬಣ್ಣಕ್ಕಲ್ಲ. ಸರಿ, ಹೈಡ್ರೋಕ್ಲೋರಿಕ್ ಆಮ್ಲ ಹಾಕಿ 7.5ಕ್ಕೆ ಇಳಿಸಿದ್ರಿ ಅಂದ್ಕೊಳ್ರಿ. 20 ಗ್ರಾಂ ಸೋಡಾ ಆ್ಯಶ್ ಪೂರ್ತಿ ತಟಸ್ಥ ಆದ್ರ ಸುಮಾರು 22 ಗ್ರಾಂ ಹೊಸ ಉಪ್ಪು ಹುಟ್ತದ. ಮೊದಲಿನ 60 ಸೇರಿ ಲೀಟರಿಗೆ 82 ಗ್ರಾಂ. ಅದನ್ನ ಹತ್ತು ಪಟ್ಟು ತೆಳು ಮಾಡಿದ್ರೂ 8 ಗ್ರಾಂ ಉಳೀತದ. ಡಾಫ್ನಿಯಾ ಮ್ಯಾಗ್ನಾಕ್ಕ ಬರೀ ಅಡುಗೆ ಉಪ್ಪಿನ 48 ಗಂಟೆಯ ಇಸಿ50 (ಅರ್ಧದಷ್ಟು ಜೀವಿಗಳನ್ನ ನಿಶ್ಚಲ ಮಾಡೋ ಪ್ರಮಾಣ) ಲೀಟರಿಗೆ 4ರಿಂದ 6 ಗ್ರಾಂ ಆಸುಪಾಸು. ಅಂದ್ರ ನೀವು ಅಳೆದದ್ದು ಉಪ್ಪಿನ ವಿಷ, ವರದಿಯಲ್ಲಿ ಹೆಸರು ಮಾತ್ರ ಬಣ್ಣದ್ದು.

ಹಂಗಾಗಿ ನಾಲ್ಕು ಸಾಲು ಹೂಡ್ರಿ: ಬರೀ ಪರೀಕ್ಷಾ ನೀರು, ಬಣ್ಣ ಬಿಟ್ಟು ಉಪ್ಪು ಮತ್ತು ಸೋಡಾ ಹಾಕಿ ತಟಸ್ಥ ಮಾಡಿದ ನೀರು, ಹೈಡ್ರೊಲೈಸ್ ಮಾಡಿದ ಬಣ್ಣ, ತೊಟ್ಟಿಯಿಂದ ತಂದ ನೀರು. ಎರಡನೇ ಸಾಲಿನ ಕಂಡಕ್ಟಿವಿಟಿ (ಉಪ್ಪಿನಂಶ ತೋರಿಸೋ ವಿದ್ಯುತ್ ವಾಹಕತೆ) ನಾಲ್ಕನೇದಕ್ಕ ಹೊಂದಬೇಕು.

ಪುಡಿಯನ್ನ ನೇರ ಕಲಸಿದ್ರ ಸಾಕಾಗೋದಿಲ್ಲ. ನೂಲಿಗೆ ಹಿಡಿಯದೆ ಹೊರಗೆ ಹೋಗೋ ಬಣ್ಣ ಅಷ್ಟೊತ್ತಿಗೆ ಕ್ಷಾರದಲ್ಲಿ ನೀರಿನ ಜೊತೆ ಕೂಡಿ ಹೈಡ್ರೊಲೈಸ್ ಆಗಿರ್ತದ. ಕೆರೆ ಸೇರೋದು ಆ ರೂಪ. ಲೀಟರಿಗೆ 2 ಗ್ರಾಂ ಪುಡಿ ಕರಗಿಸಿ, ಕಾಸ್ಟಿಕ್‌ನಿಂದ ಪಿಎಚ್ 11–12ಕ್ಕೆ ಏರಿಸಿ, 80 ಡಿಗ್ರಿಯಲ್ಲಿ ಒಂದೆರಡು ತಾಸು ಮುಚ್ಚಿ ಇಡ್ರಿ. ತಣಿದ ಮೇಲೆ ತಟಸ್ಥ ಮಾಡ್ರಿ. ತೊಟ್ಟಿ ನೀರಿಗೆ ಆಮ್ಲ ಹಾಕೋವಾಗ ಮಾತ್ರ ಹನಿಹನಿಯಾಗಿ ಹಾಕ್ರಿ, ನೊರೆ ಉಕ್ಕಿ ಬೀಕರಿನಿಂದ ಹೊರಗೆ ಚೆಲ್ತದ. ಆಮೇಲೆ ಗಾಳಿ ಬಿಟ್ಟು ಮತ್ತೊಮ್ಮೆ ಪಿಎಚ್ ನೋಡ್ರಿ: ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೋದಂಗೆ ಅದು ಮೇಲೇರ್ತದ.

ಅಂಗಡಿಯ ಪುಡಿ ಶುದ್ಧ ಬಣ್ಣವಲ್ಲ, ಅದರಾಗೂ ಉಪ್ಪು ಮತ್ತಿತರ ಸೇರ್ಪಡೆ ಇರ್ತಾವ. ಫಲಿತಾಂಶವನ್ನ 'ಮಾರಾಟದ ಪುಡಿಯ ಮಿ.ಗ್ರಾಂ/ಲೀ' ಅಂತ ಬರೀರಿ. ಪ್ರಮಾಣ ಖಾತ್ರಿಗೆ 597 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ಅಳೀರಿ, ಆರಂಭದಲ್ಲೂ ಕೊನೆಗೂ.

ಜಲಪರೀಕ್ಷೆ_ಧಾರವಾಡ:
ಮೀನಿನಿಂದ ಶುರು ಮಾಡಬೇಡಿ. ಸಾಮಾನ್ಯ ಹೊರಬಿಡುವ ಮಾನದಂಡದಲ್ಲಿ '100% ಹೊರನೀರಿನಲ್ಲಿ 96 ಗಂಟೆ ಇಟ್ಟಾಗ 90% ಮೀನು ಬದುಕಬೇಕು' ಎಂಬ ನಿಯಮ ಇದೆ ನಿಜ, ಆದರೆ ಅದು ಸಂಸ್ಕರಿಸಿದ ನೀರಿಗೆ. ಮೇಲಾಗಿ ಮೀನಿಗೆ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು. ನೀರುಚಿಗಟಕ್ಕೆ ಆ ತೊಡಕಿಲ್ಲ.

ನೀರುಚಿಗಟ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಒಇಸಿಡಿ 202 ಪದ್ಧತಿ ಹಿಡಿಯಿರಿ. ಹುಟ್ಟಿ 24 ಗಂಟೆ ದಾಟದ ಮರಿಗಳು, ಪ್ರತಿ ಪ್ರಮಾಣಕ್ಕೆ 20: ನಾಲ್ಕು ಬೀಕರು, ಒಂದೊಂದರಲ್ಲಿ ಐದು, ಮರಿಗೆ ಕನಿಷ್ಠ 2 ಮಿ.ಲೀ ನೀರು. ಅವಧಿ 48 ಗಂಟೆ, ನಡುವೆ ಆಹಾರ ಹಾಕುವಂತಿಲ್ಲ. ಬೀಕರನ್ನು ಮೆಲ್ಲಗೆ ಅಲುಗಿಸಿದ ಮೇಲೆ 15 ಸೆಕೆಂಡಿನೊಳಗೆ ಈಜದ್ದು 'ನಿಶ್ಚಲ'. ಕಂಟ್ರೋಲಿನಲ್ಲಿ (ಬರೀ ಪರೀಕ್ಷಾ ನೀರಿನ ಸಾಲಿನಲ್ಲಿ) 10%ಗಿಂತ ಹೆಚ್ಚು ನಿಶ್ಚಲವಾದರೆ, ಅಥವಾ ಕೊನೆಗೆ ಕರಗಿದ ಆಮ್ಲಜನಕ 3 ಮಿ.ಗ್ರಾಂಗಿಂತ ಇಳಿದಿದ್ದರೆ ಇಡೀ ಪರೀಕ್ಷೆ ಅಮಾನ್ಯ. ಮೊದಲು 1, 10, 100, 1000 ಮಿ.ಗ್ರಾಂ ಇಟ್ಟು ವ್ಯಾಪ್ತಿ ಕಂಡುಕೊಳ್ಳಿ. ಆಮೇಲೆ ಆ ನಡುವೆ ಐದು ಪ್ರಮಾಣ, ಒಂದಕ್ಕಿಂತ ಒಂದು 2.2 ಪಟ್ಟು ಮೀರದಂತೆ.

ನೀರು ನೀವೇ ಕಲಸಬೇಕು. ನಲ್ಲಿಯ ಕ್ಲೋರಿನ್ ಮರಿಗಳನ್ನು ಕೊಲ್ಲುತ್ತದೆ, ಬೋರ್‌ವೆಲ್ ನೀರಿನ ಗಡಸು ಒಂದೊಂದು ಕಡೆ ಒಂದೊಂದು. ನಾಲ್ಕು ಬಾಟಲಿ ಮಾಡಿಟ್ಟುಕೊಳ್ಳಿ, ಪ್ರತಿ ಲೀಟರಿಗೆ: ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 11.76 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 4.93, ಸೋಡಿಯಂ ಬೈಕಾರ್ಬೊನೇಟ್ 2.59, ಪೊಟ್ಯಾಸಿಯಂ ಕ್ಲೋರೈಡ್ 0.23. ಒಂದೊಂದರಿಂದ 25 ಮಿ.ಲೀ ತೆಗೆದು ಡಿಸ್ಟಿಲ್ಡ್ ನೀರಿನಿಂದ 1 ಲೀಟರ್ ಮಾಡಿ, ರಾತ್ರಿಯಿಡೀ ಗಾಳಿ ಬಿಡಿ.

ಉಷ್ಣಾಂಶವೇ ನಿಮ್ಮಲ್ಲಿ ದೊಡ್ಡ ತೊಂದರೆ. ಡಾಫ್ನಿಯಾ ಮ್ಯಾಗ್ನಾ 18ರಿಂದ 22 ಡಿಗ್ರಿಯ ಜೀವಿ. ಕೂಲಿಂಗ್ ಇರುವ ಬಿಓಡಿ ಇನ್‌ಕ್ಯುಬೇಟರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನಮ್ಮ ಕೆರೆಗಳಲ್ಲೇ ಇರುವ ಮೊಯಿನಾ ಎಂಬ ನೀರುಚಿಗಟ ಸಾಕಿ, ಅದು 25–28 ಡಿಗ್ರಿಗೆ ಒಗ್ಗುತ್ತದೆ. ಕೆರೆಯಿಂದ ತಂದದ್ದನ್ನೇ ನೇರವಾಗಿ ಬಳಸಬೇಡಿ. ಒಂದೇ ಹೆಣ್ಣನ್ನು ಬೇರ್ಪಡಿಸಿ, ಕ್ಲೋರೆಲ್ಲಾ ಪಾಚಿ ಉಣಿಸಿ, ಮೂರು ಪೀಳಿಗೆ ದಾಟಿದ ಮೇಲಿನ ಮರಿಗಳನ್ನು ತೆಗೆದುಕೊಳ್ಳಿ. ಜೊತೆಗೆ ಮರಿಗಳ ಸೂಕ್ಷ್ಮತೆ ಸರಿಯಿದೆಯೇ ಎಂದು ನೋಡಲು ಪೊಟ್ಯಾಸಿಯಂ ಡೈಕ್ರೋಮೇಟ್ ಪರೀಕ್ಷೆ ಆಗಾಗ ಮಾಡಿ. ಮ್ಯಾಗ್ನಾಕ್ಕೆ ಅದರ 24 ಗಂಟೆಯ ಇಸಿ50 0.6–2.1 ಮಿ.ಗ್ರಾಂ ಒಳಗೆ ಬರಬೇಕು. ಮೊಯಿನಾಕ್ಕೆ ನಿಮ್ಮದೇ ಪಟ್ಟಿ ಬೆಳೆಸಬೇಕಾಗುತ್ತದೆ.

ಕಪ್ಪು ನೀರಿಗೆ ಉಪಾಯ ಸುಲಭ. ಎಲ್‌ಇಡಿ ಪ್ಯಾನೆಲ್ ಮೇಲೆ ಪೆಟ್ರಿ ತಟ್ಟೆ ಇಟ್ಟು ಬೀಕರಿನ 10 ಮಿ.ಲೀ ನಿಧಾನವಾಗಿ ಸುರಿಯಿರಿ. ಪದರ ತೆಳುವಾದಾಗ ಮರಿಗಳ ನೆರಳು ಚುಕ್ಕೆಯಂತೆ ಓಡಾಡುವುದು ಕಾಣುತ್ತದೆ. ಅದಕ್ಕೂ ಕಾಣದಷ್ಟು ಗಾಢವಿದ್ದರೆ ಅಗಲ ಬಾಯಿಯ ಡ್ರಾಪರ್‌ನಿಂದ ಶುದ್ಧ ನೀರಿಗೆ ಎತ್ತಿ ತಕ್ಷಣ ಎಣಿಸಿ. ತಡ ಮಾಡಿದರೆ ಕೆಲವು ಚೇತರಿಸಿಕೊಂಡು ಲೆಕ್ಕ ಕೆಡುತ್ತದೆ.

ಬೆಟಗೇರಿ_ನೂಲು:
ಭಾಳ ಉಪಕಾರ ಆತ್ರಿ ಇಬ್ಬರಿಗೂ. ಒಂದು ಸಂಶಯ: ಹೈಡ್ರೊಲೈಸ್ ಆದ ಬಣ್ಣದ ಇಸಿ50 100 ಮಿ.ಗ್ರಾಂ ದಾಟಿದ್ರ 'ಜಲಜೀವಿಗೆ ಅಪಾಯ ಇಲ್ಲ' ಅಂತ ಬರೀಬಹುದೇನ್ರಿ?

ಕೆರೆ_ಕಾವಲು:
ಬರೀಬ್ಯಾಡ್ರಿ. '48 ಗಂಟೆಯಲ್ಲಿ ತೀವ್ರ ವಿಷತ್ವ ಕಾಣಲಿಲ್ಲ' ಅನ್ನೋತನಕ ಮಾತ್ರ ನಿಮಗ ಹಕ್ಕದ. ಜೀವಿ ಸಾಯದಿದ್ರೂ ಮರಿ ಹಾಕೋದು ಕಡಿಮೆಯಾಗಿ ಜೀವಿಸಂಖ್ಯೆ ಕುಗ್ಗಬಹುದು. ಅದನ್ನ ನೋಡಾಕ 21 ದಿನದ ಸಂತಾನ ಪರೀಕ್ಷೆ ಬೇಕು, ಒಇಸಿಡಿ 211.

ಇನ್ನೂ ದೊಡ್ಡ ವಿಷಯ: ಇದು ಅಜೋ ಬಣ್ಣ, ಅಂದ್ರ ಎರಡು ನೈಟ್ರೋಜನ್ ಪರಮಾಣುಗಳ ಕೊಂಡಿ ಇರೋ ಬಣ್ಣ. ಚರಂಡಿ ತಳದ ಕೆಸರಿನಾಗ ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ಅಜೋ ಕೊಂಡಿ ಮುರೀತಾವ, ನೀರಿನ ಬಣ್ಣ ಹೋಗ್ತದ, ಆರೊಮ್ಯಾಟಿಕ್ ಅಮೈನ್ ಉಳೀತಾವ. ಕಣ್ಣಿಗೆ ತಿಳಿಯಾದ ನೀರು ಮೊದಲಿಗಿಂತ ಹೆಚ್ಚು ವಿಷ ಆಗಿರಬಹುದು. ಹಂಗಾಗಿ ಐದನೇ ಸಾಲು ಸೇರಿಸ್ರಿ: ಬಣ್ಣದ ದ್ರಾವಣಕ್ಕ ಸೆಪ್ಟಿಕ್ ಟ್ಯಾಂಕಿನ ಕೆಸರು, ಸ್ವಲ್ಪ ಗ್ಲೂಕೋಸ್ ಹಾಕಿ, ಬಾಟಲಿ ತುಂಬಿ ಬಿಗಿ ಮುಚ್ಚಿ, ಬಣ್ಣ ಹೋಗೋತನಕ ಇಟ್ಟು, ಸೋಸಿ, ಗಾಳಿ ಬಿಟ್ಟು ಪರೀಕ್ಷೆ ಮಾಡ್ರಿ. ಬಣ್ಣ ಇಲ್ಲದ ಕೆಸರಿನ ಬಾಟಲಿ ಒಂದು ಜೋಡಿಗೆ ಇರಲೇಬೇಕು, ಅಮೋನಿಯಾ ಮತ್ತು ಸಲ್ಫೈಡ್ ಸಹ ಮರಿ ಕೊಲ್ತಾವ.

ಜಲಪರೀಕ್ಷೆ_ಧಾರವಾಡ:
ಒಪ್ಪುತ್ತೇನೆ. ಪಾಚಿ ಪರೀಕ್ಷೆ ಮಾಡುವ ಯೋಚನೆ ಇದ್ದರೆ ಒಂದು ಎಚ್ಚರಿಕೆ: ಕಪ್ಪು ನೀರು ಬೆಳಕನ್ನೇ ತಡೆಯುವುದರಿಂದ ವಿಷ ಇಲ್ಲದೆಯೂ ಬೆಳವಣಿಗೆ ಕುಗ್ಗುತ್ತದೆ. ಅದರ ಬದಲು ಲೆಮ್ನಾ ಎಂಬ ಪುಟ್ಟ ತೇಲುಸಸ್ಯ ತೆಗೆದುಕೊಳ್ಳಿ. ಎಲೆ ನೀರಿನ ಮೇಲೆ ತೇಲುತ್ತದೆ, ಬೆಳಕು ಮೇಲಿನಿಂದ ಬೀಳುತ್ತದೆ, 7 ದಿನ ಎಲೆ ಎಣಿಸಿದರಾಯಿತು.

ಇಸಿ50ಗೆ ಪ್ರೋಬಿಟ್ (ಪ್ರಮಾಣಕ್ಕೂ ನಿಶ್ಚಲತೆಗೂ ಇರುವ ಸಂಬಂಧದಿಂದ ಲೆಕ್ಕ ಹಾಕುವ ಸಂಖ್ಯಾಶಾಸ್ತ್ರದ ವಿಧಾನ) ಬಳಸಿ. 50 ಮಿ.ಗ್ರಾಂನಲ್ಲಿ ಸೊನ್ನೆ, 100ರಲ್ಲಿ ಪೂರ್ತಿ ನಿಶ್ಚಲ, ನಡುವೆ ಏನೂ ಇಲ್ಲ ಎಂದಾದರೆ ಪ್ರೋಬಿಟ್ ಓಡುವುದಿಲ್ಲ. ಎರಡರ ಗುಣೋತ್ತರ ಸರಾಸರಿ 71 ಎಂದು ಕೊಡಿ. ತೊಟ್ಟಿ ನೀರಿನ ಫಲಿತಾಂಶ ಶೇಕಡಾದಲ್ಲಿ ಬರುವುದರಿಂದ 100ನ್ನು ಅದರಿಂದ ಭಾಗಿಸಿ ವಿಷ ಘಟಕ ಬರೆಯಿರಿ: ಇಸಿ50 25% ಆದರೆ 4 ಘಟಕ. ಬೇಸಿಗೆಯ ಗದಗ ಕಡೆಯ ಹಳ್ಳಗಳಲ್ಲಿ ಇದನ್ನು ತೆಳು ಮಾಡುವಷ್ಟು ಹರಿವು ಇರುವುದಿಲ್ಲ. ಹಾಗಾಗಿ ಮಾದರಿ ತೆಗೆದ ತಿಂಗಳು ಮತ್ತು ಆ ದಿನ ಹಳ್ಳದಲ್ಲಿದ್ದ ಹರಿವು ಎರಡನ್ನೂ ಪಕ್ಕದ ಕಾಲಮ್ಮಿನಲ್ಲಿ ಕಾಣಿಸಿ.