ಫಟೀಗ್ ಸ್ಟ್ರೆಂತ್, ಫಟೀಗ್ ಲಿಮಿಟ್: ಎರಡಕ್ಕೂ ‘ದಣಿವಿನ ಮಿತಿ’ ಅಂದರೆ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ.

ಲೋಹಗಳ ಫಟೀಗ್ ಪರೀಕ್ಷೆಯ ಅಂಕಿಗಳನ್ನು ಓದುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಬರಹ ಮಾಡುತ್ತಿದ್ದೇನೆ. ಫಟೀಗ್‌ಗೆ, ಅಂದರೆ ಮತ್ತೆ ಮತ್ತೆ ಒತ್ತಡ ಬಿದ್ದು ಲೋಹ ಬಿರುಕು ಬಿಟ್ಟು ಮುರಿಯುವುದಕ್ಕೆ, ‘ದಣಿವು’ ಅಂತ ಇಟ್ಟುಕೊಂಡಿದ್ದೇನೆ. ಮನುಷ್ಯನಾದರೆ ಕೂತು ದಣಿವಾರಿಸಿಕೊಳ್ಳುತ್ತಾನೆ, ಉಕ್ಕಿಗೆ ಆ ಭಾಗ್ಯ ಇಲ್ಲ, ಒಮ್ಮೆ ಬಿಟ್ಟ ಬಿರುಕು ಎಷ್ಟು ಹೊತ್ತು ಸುಮ್ನೆ ಇಟ್ಟರೂ ಕೂಡಿಕೊಳ್ಳುವುದಿಲ್ಲ. ಆದರೂ ಇರಲಿ. ‘ಸವೆತ’ ಅಂದರೆ ಉಜ್ಜಿ ಸವೆಯುವುದು, ಅದು ಬೇರೆಯೇ ಸಂಗತಿ.

ಪೇಚು ಇರುವುದು ಮುಂದಿನ ಪದದಲ್ಲಿ. ಫಟೀಗ್ ಲಿಮಿಟ್‌ಗೆ ‘ದಣಿವಿನ ಮಿತಿ’ ಸರಿ. ಆದರೆ ಫಟೀಗ್ ಸ್ಟ್ರೆಂತ್‌ಗೂ ಅದನ್ನೇ ಹಾಕಿಬಿಟ್ಟರೆ ಅರ್ಥ ಕೆಡುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಗಾಲಿಯ ಅಚ್ಚುಗಳ (ಆಕ್ಸಲ್) ಮೇಲೆ ಪರೀಕ್ಷೆ ನಡೆಸಿದಾಗ ಕಂಡದ್ದು ಇಷ್ಟು: ಒಂದೇ ಸಲಕ್ಕೆ ಮುರಿಯಲು ಬೇಕಾದ ಒತ್ತಡಕ್ಕಿಂತ ಎಷ್ಟೋ ಕಡಿಮೆ ಒತ್ತಡವೂ, ಮತ್ತೆ ಮತ್ತೆ ಬಿದ್ದರೆ, ಅಚ್ಚನ್ನು ಮುರಿಯುತ್ತದೆ. ಒತ್ತಡ ಇಳಿಸಿದಷ್ಟೂ ಹೆಚ್ಚು ಸುತ್ತು (ಒತ್ತಡ ಒಮ್ಮೆ ಬಿದ್ದು ಹೋದರೆ ಒಂದು ಸುತ್ತು) ಬಾಳುತ್ತದೆ. ಸಾಮಾನ್ಯ ಉಕ್ಕಿನಲ್ಲಿ 10 ಲಕ್ಷದಿಂದ 1 ಕೋಟಿ ಸುತ್ತುಗಳ ನಡುವೆ ಎಲ್ಲೋ, ಒತ್ತಡಕ್ಕೂ ಸುತ್ತಿಗೂ ಎಳೆದ ಗ್ರಾಫಿನ ಗೆರೆ ಹೆಚ್ಚುಕಡಿಮೆ ಅಡ್ಡ ಮಲಗುತ್ತದೆ, ಅದಕ್ಕಿಂತ ಕೆಳಗಿನ ಒತ್ತಡಕ್ಕೆ ಮುರಿಯುವುದಿಲ್ಲ ಅಂತ ಹಿಡಿಯುತ್ತಾರೆ. ಅದು ಮಿತಿ. ಅಲ್ಯೂಮಿನಿಯಂನಲ್ಲಿ ಹೀಗೆ ಮಲಗುವುದೇ ಇಲ್ಲ, ಇಳಿಯುತ್ತಲೇ ಹೋಗುತ್ತದೆ, ಹಾಗಾಗಿ 50 ಕೋಟಿ ಸುತ್ತಿಗೆ ಇಷ್ಟು ಅಂತ ಸುತ್ತಿನ ಲೆಕ್ಕ ಸೇರಿಸಿಯೇ ಹೇಳಬೇಕು. ಅದಕ್ಕೆ ‘ಮಿತಿ’ ಅಂದರೆ ಸುಳ್ಳು ಹೇಳಿದ ಹಾಗೆ. ಅಲ್ಲಿ ‘ದಣಿವು ಬಲ’ ಅನ್ನೋಣ, ಬಲ ಅಂದಾಗ ‘ಎಷ್ಟು ಸುತ್ತಿಗೆ?’ ಅನ್ನುವ ಪ್ರಶ್ನೆಗೆ ಜಾಗ ಉಳಿಯುತ್ತದೆ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ಜಾಸ್ತಿ ಮುಖ್ಯ. ಈ ಸಂಖ್ಯೆ ನೇರವಾಗಿ ಅಳೆದದ್ದಲ್ಲ, ಅಂದಾಜು ಕಟ್ಟಿದ್ದು. 1948ರಲ್ಲಿ ಡಿಕ್ಸನ್ ಮತ್ತು ಮೂಡ್ ವಿವರಿಸಿದ ಮೆಟ್ಟಿಲು ವಿಧಾನವನ್ನೇ ನೋಡಿ. ಮೊದಲ ಸ್ಪೆಸಿಮನ್‌ಗೆ (ಪರೀಕ್ಷೆಯ ತುಂಡಿಗೆ) 300 ಮೆಗಾಪಾಸ್ಕಲ್ ಒತ್ತಡ, ಗುರಿ 1 ಕೋಟಿ ಸುತ್ತು. ಮುರಿದರೆ ಮುಂದಿನದಕ್ಕೆ 10 ಇಳಿಸುವುದು, ಮುರಿಯದಿದ್ದರೆ 10 ಏರಿಸುವುದು. ಉದಾಹರಣೆಗೆ 10 ಸ್ಪೆಸಿಮನ್‌ಗಳಲ್ಲಿ 300ರಲ್ಲಿ 3, 310ರಲ್ಲಿ 2 ಮುರಿದವು, 290ರಲ್ಲಿ 3, 300ರಲ್ಲಿ 2 ಉಳಿದವು ಅಂದುಕೊಳ್ಳಿ. ಒಂದೇ 300ಕ್ಕೆ ಕೆಲವು ಮುರಿದವು, ಕೆಲವು ಮುರಿಯಲಿಲ್ಲ, ನೋಡಿದಿರಾ? ಅವರ ಸೂತ್ರದಲ್ಲಿ ಹಾಕಿದರೆ, ಮುರಿದವುಗಳಿಂದ ಲೆಕ್ಕ ಹಿಡಿದರೂ ಉಳಿದವುಗಳಿಂದ ಹಿಡಿದರೂ ಇಲ್ಲಿ 299 ಬರುತ್ತದೆ. ಆ 299ರ ಅರ್ಥ, ಅಷ್ಟು ಒತ್ತಡ ಹಾಕಿದರೆ 1 ಕೋಟಿ ಸುತ್ತು ಮುಗಿಯುವ ಮುಂಚೆ ಸುಮಾರು ಅರ್ಧದಷ್ಟು ತುಂಡುಗಳು ಮುರಿಯುತ್ತವೆ ಅಂತ! ಇದನ್ನು ‘ಮಿತಿ’ ಅಂತ ಬರೆದರೆ ಓದುವವರು 295 ಸುರಕ್ಷಿತ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗಾಗಿ ಉಕ್ಕಿನ ವಿಷಯದಲ್ಲೂ ‘ಸರಾಸರಿ ದಣಿವು ಬಲ, 1 ಕೋಟಿ ಸುತ್ತಿಗೆ’ ಅಂತ ಉದ್ದಕ್ಕೇ ಬರೆಯುವುದು ಒಳ್ಳೆಯದು ಅನಿಸುತ್ತದೆ. ಉದ್ದವಾದರೆ ಆಗಲಿ.

‘ಅಂದಾಜು’ ಪದದಲ್ಲೂ ಒಂದು ಸಣ್ಣ ತೊಡಕು. ಪರೀಕ್ಷೆಯೇ ಮಾಡದೆ ದಣಿವಿನ ಮಿತಿಯನ್ನು ‘ಉಕ್ಕಿನ ಎಳೆತ ಬಲದ (ಎಳೆದು ಮುರಿಯಲು ಬೇಕಾದ ಒತ್ತಡದ) ಅರ್ಧ’ ಅಂತ ಹಿಡಿಯುವ ರೂಢಿ ಇದೆ, ಅದೂ ಎಳೆತ ಬಲ ಸುಮಾರು 1400 ಮೆಗಾಪಾಸ್ಕಲ್‌ವರೆಗೆ ಇರುವ ಉಕ್ಕಿಗೆ ಮಾತ್ರ. ಅದನ್ನು ‘ಊಹೆ’ ಅಂತಲೂ, ಅಂಕಿಗಳಿಂದ ತೆಗೆದದ್ದನ್ನು ‘ಅಂದಾಜು’ ಅಂತಲೂ ಬೇರೆ ಮಾಡಿದ್ದೇನೆ. ಆಕ್ಷೇಪ ಇದ್ದರೆ ಹೇಳಿ.

ನಿಜವಾಗಿ ಸಿಕ್ಕಿಬಿದ್ದಿರುವುದು ‘ರನ್‌ಔಟ್’ ಹತ್ತಿರ. ಗುರಿ ಮುಟ್ಟಿದರೂ ಮುರಿಯದ ಸ್ಪೆಸಿಮನ್‌ಗೆ ಆ ಹೆಸರು. ಕ್ರಿಕೆಟ್‌ನಲ್ಲಿ ರನ್‌ಔಟ್ ಆದವನು ಪೆವಿಲಿಯನ್‌ಗೆ ಹೋಗುತ್ತಾನೆ, ಇಲ್ಲಿ ಅದೇ ಹೆಸರಿನದು ನಾಟೌಟ್. ತಮಾಷೆ ಬಿಡಿ, ಇದನ್ನು 1 ಕೋಟಿಗೆ ಮುರಿದದ್ದು ಅಂತ ಲೆಕ್ಕಕ್ಕೆ ಸೇರಿಸಿಬಿಟ್ಟರೆ ಗೆರೆಯೇ ವಾಲುತ್ತದೆ. ಗ್ರಾಫಿನಲ್ಲಿ ಅದಕ್ಕೆ ಬಲಕ್ಕೆ ತಿರುಗಿದ ಬಾಣ ಹಾಕುವುದು ಅದಕ್ಕೇ. ಬರೀ ‘ಉಳಿದದ್ದು’ ಅಂದರೆ ‘ಬಳಸದೆ ಮಿಕ್ಕಿದ್ದು’ ಅನ್ನುವ ಅರ್ಥ ಬರುತ್ತದೆ. ‘ಮುರಿಯದುಳಿಕೆ’ ಅಂತ ಒಂದು ಹೊಳೆದಿದೆ, ಬಾಯಲ್ಲಿ ಸಲೀಸಾಗಿ ಹೊರಳುತ್ತಿಲ್ಲ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದಾ?